ಮಗನ ನಿದ್ದೆಗೊಂದು ರೂಮು

ನಮ್ಮ ಮನೆಯಲ್ಲಿ ಎಂಥ ಸಮಸ್ಯೆ ಬಂದರೂ ಅದನ್ನು ಬಗೆಹರಿಸುವ ಶಕ್ತಿ ನನ್ನೊಬ್ಬನಿಗೇ ಇದೆ ಎಂದು ಬಹಳ ಕಾಲ ನಂಬಿದ್ದೆ. ಹಾಗೆ ನಂಬಿದ್ದವನೂ ನಾನೊಬ್ಬನೇ ಎಂಬುದು ಆಮೇಲೆ ತಿಳಿಯಿತು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನನಗೆ ಬೆಂಗಳೂರಿನ ಅಕ್ಕಿಪೇಟೆಯಲ್ಲಿ ಗೋಣಿಚೀಲದ ವ್ಯಾಪಾರ. ಮನೆ ಚಾಮರಾಜಪೇಟೆಯಲ್ಲಿ. ಮನೆಯೆಂದರೆ ಒಂದು ನಡುಮನೆ, ಒಂದು ಅಡುಗೆಮನೆ, ಒಂದು ಚಿಕ್ಕ ಕೋಣೆ. ಅಂಗಡಿಯಲ್ಲಿ ಹಿಡಿಸದ ಚೀಲಗಳ ಕಟ್ಟುಗಳು ನಡುಮನೆಯ ಗೋಡೆಗೆ ಒರಗಿ ನಿಂತಿರುತ್ತಿದ್ದವು. ನೆಂಟರು ಬಂದರೆ ಅವುಗಳ ಮೇಲೆಯೇ ಕೂರಿಸುತ್ತಿದ್ದೆ. "ಸೋಫಾಗಿಂತ ಮೆತ್ತಗಿದೆ, ಅಲ್ವಾ?" ಎಂದು ಕೇಳುತ್ತಿದ್ದೆ. ಅವರು ಸೀನುತ್ತಾ ಹೌದೆನ್ನುತ್ತಿದ್ದರು.

ಈ ಚೀಲಗಳ ಮರೆಯಲ್ಲಿ, ಒಂದು ಚಾಪೆಯ ಮೇಲೆ, ನನ್ನ ಒಬ್ಬನೇ ಮಗ ಮಹೇಶ ಮಲಗುತ್ತಿದ್ದ. ಮಲಗುತ್ತಿದ್ದ ಎನ್ನುವುದಕ್ಕಿಂತ ಮಲಗಲು ಪ್ರಯತ್ನಿಸುತ್ತಿದ್ದ ಎನ್ನುವುದು ಸರಿ. ಅವನು ಒಂದು ಕಾರ್ಖಾನೆಯಲ್ಲಿ ಮಿಷಿನ್ ಕೆಲಸಕ್ಕಿದ್ದ. ಯಾವಾಗಲೂ ರಾತ್ರಿ ಪಾಳಿ. ಊರು ಏಳುವ ಹೊತ್ತಿಗೆ ಮನೆಗೆ ಬಂದು, ತಿಂಡಿ ತಿಂದು ಅಡ್ಡಾಗುತ್ತಿದ್ದ. ಸರಿಯಾಗಿ ಆಗಲೇ ನನ್ನ ಲಿಂಗಪೂಜೆ ಶುರು. ಗಂಟೆ ಬಾರಿಸದಿದ್ದರೆ ಶಿವನಿಗೆ ನಾನು ಕೂತಿರುವುದು ಗೊತ್ತಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಪೂಜೆ ಮುಗಿದರೆ ರೇಡಿಯೋ. ರೇಡಿಯೋ ಮುಗಿದರೆ ಚೀಲ ಹೊರಲು ಬರುವ ಹಮಾಲಿಗಳು. ಅವರು ಹೋದರೆ ನನ್ನ ಹೆಂಡತಿ ಗಿರಿಜೆಯ ರುಬ್ಬುಗುಂಡು. ಇದೆಲ್ಲದರ ನಡುವೆ ನಾನು ಆಗಾಗ ಚೀಲಗಳ ಮೇಲಿಂದ ಬಗ್ಗಿ ನೋಡಿ, "ಮಹೇಶಾ, ನಿದ್ದೆ ಬಂತಾ?" ಎಂದು ವಿಚಾರಿಸಿಕೊಳ್ಳುತ್ತಿದ್ದೆ. ತಂದೆಯಾದವನು ಇಷ್ಟಾದರೂ ವಿಚಾರಿಸದಿದ್ದರೆ ಹೇಗೆ?

ಒಂದು ಭಾನುವಾರ ಊಟಕ್ಕೆ ಕೂತಿದ್ದೆವು. ಮುದ್ದೆ, ಹುರುಳಿಕಾಳಿನ ಬಸ್ಸಾರು. ಮಹೇಶ ತಟ್ಟೆಯನ್ನೇ ನೋಡುತ್ತಾ ಹೇಳಿದ.

"ಅಪ್ಪಾ, ಹನುಮಂತನಗರದಲ್ಲಿ ಒಂದು ರೂಮು ನೋಡಿದೀನಿ. ಯುಗಾದಿ ಕಳೆದ ಮೇಲೆ ಹೋಗೋಣ ಅಂತಿದೀನಿ."

"ಹೋಗೋಣ ಬಿಡು. ಯಾರನ್ನ ನೋಡೋಕೆ?"

"ಯಾರನ್ನೂ ನೋಡೋಕಲ್ಲ. ಅಲ್ಲೇ ಇರೋಕೆ."

ಮುದ್ದೆ ನುಂಗುವುದರಲ್ಲಿ ನಮ್ಮ ವಂಶಕ್ಕೇ ಹೆಸರಿತ್ತು. ಅವತ್ತು ತುತ್ತು ಗಂಟಲಲ್ಲೇ ನಿಂತಿತು. ಗಿರಿಜೆ ಬೆನ್ನು ತಟ್ಟಿ ನೀರು ಕುಡಿಸಿದಳು.

"ಇಲ್ಲೇನೋ ನಿನಗೆ ಕಡಿಮೆಯಾಗಿರೋದು?" ಎಂದೆ.

"ಕಡಿಮೆ ಏನಿಲ್ಲಪ್ಪ. ಹಗಲು ನಿದ್ದೆ ಆಗ್ತಿಲ್ಲ. ಮೊನ್ನೆ ಮಿಷಿನ್ ಮುಂದೆ ತೂಕಡಿಸಿಬಿಟ್ಟೆ. ಪಕ್ಕದವನು ಹಿಡಿದು ಎಳೀದೆ ಹೋಗಿದ್ರೆ ಕೈ ಹೋಗ್ತಿತ್ತು."

ಸಾರಿಗೆ ಉಪ್ಪು ಸಾಲದು ಎನ್ನುವಷ್ಟೇ ಮೆತ್ತಗೆ ಹೇಳಿದ. ಗಿರಿಜೆ ಸೌಟು ಕೆಳಗಿಟ್ಟು ಅವನ ಕೈಯನ್ನೇ ನೋಡುತ್ತಾ ಕೂತಳು. ನನ್ನ ಕಿವಿಗೆ ಮಾತ್ರ ಹನುಮಂತನಗರ, ರೂಮು ಎಂಬೆರಡು ಪದಗಳ ಆಚೆ ಏನೂ ಹೊಕ್ಕಿರಲಿಲ್ಲ. ಬೀದಿಯವರು ಏನೆಂದುಕೊಂಡಾರು? ಅಪ್ಪನಿಗೂ ಮಗನಿಗೂ ಜಗಳ ಎನ್ನುತ್ತಾರೆ. ಆಗಿಲ್ಲದ ಜಗಳಕ್ಕೆ ಕಾರಣವನ್ನೂ ಅವರೇ ಹುಡುಕಿಕೊಡುತ್ತಾರೆ!

ಮಹೇಶ ಕೈ ತೊಳೆಯಲು ಎದ್ದ. ಅವನು ಹಿತ್ತಲಿನಿಂದ ಒಳಗೆ ಬರುವಷ್ಟರಲ್ಲಿ ನನ್ನ ತಲೆಯಲ್ಲಿ ಪರಿಹಾರ ಸಿದ್ಧವಾಗಿತ್ತು. ತಾರಸಿಯ ಮೇಲೆ ಅವನಿಗೊಂದು ರೂಮು ಕಟ್ಟಿಸುವುದು! ಅವನಿಗೆ ಹೇಳದೆ ಕಟ್ಟಿಸಿ, ಒಂದು ದಿನ ಬಾಗಿಲು ತೆರೆದು ತೋರಿಸುವುದು.

"ಅವನನ್ನ ಒಂದು ಮಾತು ಕೇಳ್ರೀ," ಎಂದಳು ಗಿರಿಜೆ, ನಾವಿಬ್ಬರೇ ಇದ್ದಾಗ.

"ಕೇಳಿದ್ರೆ ಬೇಡ ಅಂತಾನೆ."

"ಬೇಡ ಅಂದ್ರೆ ಬೇಡ ಅಂತ ತಾನೇ ಅರ್ಥ?"

"ನಿನಗೆ ಇವೆಲ್ಲ ಗೊತ್ತಾಗಲ್ಲ ಕಣೇ."

ಮಾರನೆಯ ದಿನವೇ ಮುನಿಶಾಮಪ್ಪ ಎಂಬ ಮೇಸ್ತ್ರಿಯನ್ನು ಕರೆತಂದೆ. ನಮ್ಮದು ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿ ಗಾರೆ ಹಾಕಿದ ಹಳೇ ಕಾಲದ ತಾರಸಿ. ಮೇಸ್ತ್ರಿ ಮೇಲೆ ಹತ್ತಿ, ಕಾಲಿನಿಂದ ಎರಡು ಸಲ ಧಡ್ ಧಡ್ ಎಂದು ಗುದ್ದಿದ. "ಆನೆ ತಂದು ಕಟ್ಟಿ ಸ್ವಾಮಿ, ಏನೂ ಆಗಲ್ಲ," ಎಂದ. ನನ್ನಂಥವನೇ ಸಿಕ್ಕಿದನೆಂದು ನನಗೆ ಆನಂದವಾಯಿತು. ನಾನೂ ಎರಡು ಸಲ ಗುದ್ದಿದೆ.

ಕೆಳಗಿನಿಂದ ಗಿರಿಜೆ ಕೂಗಿದಳು. "ಏನ್ರೀ ಅದು ಮೇಲೆ?"

"ಪರೀಕ್ಷೆ ಕಣೇ!"

"ಪರೀಕ್ಷೆ ಸಾಕು! ಹಾಲಿಗೆ ಸುಣ್ಣ ಬೀಳ್ತಿದೆ!"

ಹಳೇ ಮನೆಗಳಲ್ಲಿ ಇದೆಲ್ಲ ಮಾಮೂಲು ಎಂದು ಮೇಸ್ತ್ರಿ ಹೇಳಿದ. ನಾನು ಅದನ್ನೇ ಇನ್ನಷ್ಟು ಜೋರಾಗಿ ಕೆಳಗೆ ತಿಳಿಸಿದೆ.

ಇಟ್ಟಿಗೆ ಬಂತು, ಮರಳು ಬಂತು. ಪಾಳಿ ಮುಗಿಸಿ ಬಂದ ಮಹೇಶ ಬಾಗಿಲಲ್ಲಿ ನಿಂತು ನೋಡಿದ.

"ಏನು ಕಟ್ಟಿಸ್ತಿದೀರ ಅಪ್ಪಾ?"

ಇಲ್ಲಿ ನನ್ನ ಬುದ್ಧಿ ಮಿಂಚಿನಂತೆ ಓಡಿತು. ಗುಟ್ಟು ಬಿಡಬಾರದಲ್ಲ! "ಚೀಲ ಇಡೋಕೆ ಒಂದು ರೂಮು. ಕೆಳಗೆ ಜಾಗ ಸಾಲ್ತಿಲ್ಲ," ಎಂದೆ.

ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಆ ನೋಟ ನನಗೆ ಈಗಲೂ ನೆನಪಿದೆ. ಅವನಿಗೆ ಮಲಗಲು ಜಾಗವಿಲ್ಲ, ಅಪ್ಪ ಗೋಣಿಚೀಲಕ್ಕೆ ರೂಮು ಕಟ್ಟಿಸುತ್ತಿದ್ದಾನೆ! ಆಗ ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಈಗ ಎಷ್ಟು ಬೇಸರಪಡುತ್ತಾನೋ, ಆಮೇಲೆ ಅಷ್ಟೇ ಸಂತೋಷಪಡುತ್ತಾನೆ ಎಂಬುದು ನನ್ನ ಲೆಕ್ಕಾಚಾರ.

"ಅಡುಗೆಮನೆ ತೊಲೆ ಒಂದ್ಸಲ ನೋಡಿಸಿ ಅಪ್ಪಾ. ಗೆದ್ದಲು ಹಿಡಿದ ಹಾಗಿದೆ," ಎಂದಷ್ಟೇ ಹೇಳಿ ಒಳಗೆ ಹೋದ.

"ನೀನು ಮಲಗಪ್ಪ. ಅದೆಲ್ಲ ನಾನು ನೋಡ್ಕೋತೀನಿ," ಎಂದೆ.

ಅವನು ಚಾಪೆಯ ಮೇಲೆ ಮೈ ಚಾಚಿದ. ತಲೆಯ ಮೇಲೆ ಮುನಿಶಾಮಪ್ಪನ ಕಡೆಯವರು ಉಳಿ ಸುತ್ತಿಗೆ ಹಿಡಿದು ತಾರಸಿಯ ಹಳೇ ಗಾರೆ ಕೀಳಲು ಶುರುಮಾಡಿದರು. ಹಗಲು ನಿದ್ದೆಗಾಗಿ ಕಟ್ಟುವ ರೂಮನ್ನು ಹಗಲಲ್ಲೇ ಕಟ್ಟಬೇಕಾಗುತ್ತದೆ ಎಂಬ ಸೂಕ್ಷ್ಮ ನನಗೆ ಹೊಳೆದಿರಲಿಲ್ಲ! ಸ್ವಲ್ಪ ಹೊತ್ತಿಗೆ ಸುಣ್ಣದ ಒಂದು ದೊಡ್ಡ ಚಕ್ಕೆ ಕಳಚಿ ನೇರವಾಗಿ ಅವನ ಮುಖದ ಮೇಲೆ ಬಿತ್ತು. ಎದ್ದು ಕೂತ. ಹಣೆ, ಮೂಗು, ಹುಬ್ಬು ಎಲ್ಲ ಬೆಳ್ಳಗೆ. ಚಿಕ್ಕಂದಿನಿಂದ ಎಷ್ಟು ಗದರಿದರೂ ಅವನ ಹಣೆಗೆ ಅಷ್ಟು ವಿಭೂತಿ ಹಚ್ಚಿಸಲು ನನ್ನಿಂದ ಆಗಿರಲಿಲ್ಲ.

ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಮುಖ ತೊಳೆದುಕೊಂಡು ಬಂದು ಹಾಸಿಗೆ ಸುತ್ತತೊಡಗಿದ.

"ಯುಗಾದಿವರೆಗೂ ಕಾಯೋದು ಬೇಡ ಅಪ್ಪಾ. ಇವತ್ತೇ ಹೋಗ್ತೀನಿ."

ಹೀಗೆ, ಮಗ ಮನೆ ಬಿಡದಿರಲಿ ಎಂದು ನಾನು ಕೈಗೊಂಡ ಕಾರ್ಯದಿಂದಾಗಿ ಮಗ ನಿಗದಿಗಿಂತ ಮುಂಚೆಯೇ ಮನೆ ಬಿಟ್ಟ. ಆಟೋಗೆ ಟ್ರಂಕು ಎತ್ತಿಡಲು ನಾನೇ ಕೈಹಾಕಿದೆ. ಎದುರುಮನೆಯ ಶಾಂತಮ್ಮ ಕಿಟಕಿಯಲ್ಲಿದ್ದರು. ಅವರಿಗೆ ಕೇಳುವ ಹಾಗೆ, "ಹೋಗಿ ಬಾಪ್ಪ, ಸ್ವಲ್ಪ ದಿನ ತಾನೇ!" ಎಂದು ನಕ್ಕೆ. ಗಿರಿಜೆ ಬಾಗಿಲಿಗೂ ಬರಲಿಲ್ಲ. ಒಳಗೆ ಹೋಗಿ ನೋಡಿದರೆ ಅವನು ಬಿಟ್ಟುಹೋದ ಚಾಪೆಯ ಮೇಲಿನ ಸುಣ್ಣವನ್ನು ಸೆರಗಿನಲ್ಲಿ ಒರೆಸುತ್ತಾ ಅಳುತ್ತಿದ್ದಳು.

"ರೂಮು ಮುಗೀಲಿ, ಆಮೇಲೆ ನೋಡು," ಎಂದೆ.

ಅವಳು ಚಾಪೆ ಸುತ್ತಿ ಮೂಲೆಗಿಟ್ಟಳು.

ಯುಗಾದಿ ಕಳೆಯಿತು. ಮಹೇಶ ಬಂದು ಒಬ್ಬಟ್ಟು ತಿಂದು ಹೋದ. ಮೇಲೆ ಗೋಡೆ ಮೊಣಕಾಲುದ್ದ ಎದ್ದಿತ್ತು. ಮೆಟ್ಟಿಲು ಹತ್ತಿದ ತಕ್ಷಣ ಸಿಗುವ ಜಾಗ ಅಡುಗೆಮನೆಯ ನೆತ್ತಿ. ಹೊತ್ತು ತಂದವರು ಮರಳನ್ನೂ ಇಟ್ಟಿಗೆಯನ್ನೂ ಅಲ್ಲೇ ಸುರಿದು ಗುಡ್ಡ ಮಾಡಿದ್ದರು. ಸಂಜೆ ಅಂಗಡಿಯಿಂದ ಬಂದು ನಾನು ಆ ಗುಡ್ಡವನ್ನು ನೋಡಿ ಸಂತೋಷಪಡುತ್ತಿದ್ದೆ. ಕೆಲಸ ನಡೆಯುತ್ತಿದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಒಂದು ಸಂಜೆ ಆಲಿಕಲ್ಲಿನ ಮಳೆ ಶುರುವಾಯಿತು. ನಮ್ಮ ಬೆಂಗಳೂರಿನಲ್ಲಿ ಬೇಸಿಗೆಯ ಮಳೆ ಬಂದರೆ ಯಾರದೋ ಮೇಲೆ ಸಿಟ್ಟಿದ್ದಂತೆ ಬರುತ್ತದೆ. ನಾನು ನಡುಮನೆಯ ಬಾಗಿಲಲ್ಲಿ ನಿಂತು, ಮಣ್ಣಿನ ವಾಸನೆ ಸವಿಯುತ್ತಿದ್ದೆ. ಅಡುಗೆಮನೆಯಿಂದ ಗಿರಿಜೆ ಸೌಟು ಹಿಡಿದೇ ಹೊರಗೆ ಬಂದಳು.

"ಸಾರಿನ ಪಾತ್ರೆಗೆ ನೀರು ಸುರೀತಿದೆ! ಆ ಮೇಸ್ತ್ರಿನ ಕರೆಸ್ತೀರೋ, ಇಲ್ಲ ನಾನೇ ಮೇಲೆ ಹತ್ತಬೇಕೋ?"

"ಮಳೆ ನಿಲ್ಲಲಿ ಕಣೇ..."

"ಮಳೆ ನಿಂತ ಮೇಲೆ ಸೋರೋದು ನಿಲ್ಲುತ್ತೆ, ನನಗೂ ಗೊತ್ತು! ನಿಮ್ಮನ್ನ..."

ಅವಳು ಆ ವಾಕ್ಯ ಮುಗಿಸಲಿಲ್ಲ. ಹಿಂದೆ ಏನೋ ಲಟ್ಟೆಂದಿತು. ಆಮೇಲೆ ಕಿವಿ ಮುಚ್ಚುವಂಥ ಸದ್ದು. ಅಡುಗೆಮನೆಯ ಬಾಗಿಲಿನಿಂದ ಕೆಂಪು ದೂಳು ಹೊಗೆಯ ಹಾಗೆ ನುಗ್ಗಿ ಬಂತು. ದೂಳು ಅಡಗಿದ ಮೇಲೆ ನೋಡಿದರೆ ಅಡುಗೆಮನೆಗೆ ಮೇಲೆ ಆಕಾಶ, ಕೆಳಗೆ ಮರಳು. ಒಲೆ ಇದ್ದ ಜಾಗದಲ್ಲಿ ಮುರಿದ ತೊಲೆಯ ತುದಿ ನೆಟ್ಟಗೆ ನಿಂತಿತ್ತು. ಅದರ ಒಳಗೆಲ್ಲ ಗೆದ್ದಲಿನ ಪುಡಿ.

ಗಿರಿಜೆ ನನ್ನ ತೋಳು ಹಿಡಿದುಕೊಂಡಿದ್ದಳು. ಸೌಟು ಇನ್ನೂ ಅವಳ ಇನ್ನೊಂದು ಕೈಯಲ್ಲೇ ಇತ್ತು. ನನ್ನನ್ನು ಬೈಯಲು ಹೊರಗೆ ಬಂದದ್ದರಿಂದ ಬದುಕಿದಳು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಬೈಸಿಕೊಳ್ಳಲು ಯೋಗ್ಯನಾಗಿದ್ದದ್ದು ಅವತ್ತೊಂದು ದಿನ ಉಪಯೋಗಕ್ಕೆ ಬಂತು.

ಬೀದಿಯ ಜನ ಕೊಡೆ ಹಿಡಿದು ನೋಡಲು ಬಂದರು. ಶಾಂತಮ್ಮ ಸೆರಗು ಬಾಯಿಗಿಟ್ಟುಕೊಂಡು, "ಮಧ್ಯಾಹ್ನ ಕೂಡ ಚೆನ್ನಾಗಿತ್ತಲ್ರೀ," ಎಂದು ಸತ್ತವರ ಬಗ್ಗೆ ಹೇಳುವಂತೆ ಹೇಳಿದರು. ಸುದ್ದಿ ತಿಳಿದು ಬಂದ ಮುನಿಶಾಮಪ್ಪ ಬಹಳ ಹೊತ್ತು ಮೇಲೆ ಕೆಳಗೆ ನೋಡಿದ.

"ಆನೆ ಕಟ್ಟಬಹುದು ಅಂದಿದ್ದೆಯಲ್ಲಪ್ಪ!" ಎಂದೆ.

"ಆನೆ ಆಗಿದ್ರೆ ತಡೀತಿತ್ತು ಸ್ವಾಮಿ. ಮರಳು ನೆಂದುಬಿಡ್ತು," ಎಂದ.

ಅವತ್ತು ಶಾಂತಮ್ಮ ಕೊಟ್ಟ ಅನ್ನ ತಿಂದು ಚೀಲಗಳ ಮೇಲೆ ಮಲಗಿದೆವು. ಸೋಫಾಗಿಂತ ಮೆತ್ತಗೇನೂ ಇಲ್ಲ. ಬೆಳಗಾಗುತ್ತಲೇ ಗಿರಿಜೆ ಬಟ್ಟೆ ಗಂಟು ಕಟ್ಟಿದಳು.

"ನಡೀರಿ ಹನುಮಂತನಗರಕ್ಕೆ."

"ಮಗನ ರೂಮಿಗೆ ನೆಂಟರ ಹಾಗೆ ಹೋಗೋದಾ?"

"ನೆಂಟರ ಹಾಗಲ್ಲ. ದಿಕ್ಕಿಲ್ಲದವರ ಹಾಗೆ."

ಮಹೇಶ ಆಗ ತಾನೇ ಪಾಳಿ ಮುಗಿಸಿ ಬಂದು ಅಂಗಿ ಬಿಚ್ಚುತ್ತಿದ್ದ. ಗಂಟು ಹಿಡಿದು ಬಾಗಿಲಲ್ಲಿ ನಿಂತ ನಮ್ಮನ್ನು ನೋಡಿ ಅವನ ಮುಖ ಬಿಳಿಚಿಕೊಂಡಿತು. ಗಿರಿಜೆ ನಡೆದದ್ದನ್ನು ಹೇಳಿದಳು. ಅವನು ಅವಳ ತಲೆ, ಭುಜ, ಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ನಿಮಗೆ ಏನೂ ಆಗಿಲ್ಲ ತಾನೇ ಅಪ್ಪಾ?" ಎಂದ. ತೊಲೆಯ ಮಾತು ಎತ್ತಲೇ ಇಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಚೊಕ್ಕವಾದ ರೂಮು. ಕಿಟಕಿಗೆ ನೀಲಿ ಪರದೆ, ಮೂಲೆಯಲ್ಲಿ ಸ್ಟೌ, ಗೂಡಿನಲ್ಲಿ ಒಂದು ವಿಭೂತಿ ಗಟ್ಟಿ. ದೂರದಲ್ಲಿ ಗುಡ್ಡದ ದೇವಸ್ಥಾನ ಕಾಣುತ್ತಿತ್ತು. ಅವನೇ ಕಾಫಿ ಮಾಡಿ ಕೊಟ್ಟ. ನನ್ನ ಮಗನಿಗೆ ಕಾಫಿ ಮಾಡಲು ಬರುತ್ತದೆ ಎಂಬುದು ನನಗೆ ಆಗಲೇ ಗೊತ್ತಾದದ್ದು. ಕೆಳಗಿದ್ದ ಮನೆಯ ಒಡತಿ ಕಮಲಮ್ಮ ಎಂಬ ವಯಸ್ಸಾದವರು ನಮ್ಮನ್ನು ನೋಡಲು ಮೇಲೆ ಬಂದರು.

"ನಿಮ್ಮ ಮಗ ಎಷ್ಟು ಚೆನ್ನಾಗಿ ಹಾಡ್ತಾನೆ ಗೊತ್ತಾ! ಬೆಳಗ್ಗೆ ಬಂದು ನೀರು ಕಾಯಿಸ್ಕೊಳ್ಳೋವಾಗ ಹಾಡ್ತಿರ್ತಾನೆ. ನಾನು ಕೆಲಸ ಬಿಟ್ಟು ಕೇಳ್ತಾ ನಿಂತ್ಕೋತೀನಿ," ಎಂದರು.

ನಾನೇ ಕಲಿಸಿದವನಂತೆ ತಲೆಯಾಡಿಸಿದೆ. ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿದ್ದು ಅವನ ಹಾಡು ನಾನು ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಹಾಡಲು ಸಂದಿಯೇ ಇರಲಿಲ್ಲವೇನೋ. ನಾವಿದ್ದಷ್ಟು ದಿನ ಅಲ್ಲಿಯೂ ಅವನು ಹಾಡಲಿಲ್ಲ.

ಈ ಸಲ ಅವನ ನಿದ್ದೆ ಕೆಡಿಸಬಾರದೆಂದು ನಾನು ಸಂಕಲ್ಪ ಮಾಡಿದೆ. ಪೂಜೆಯ ಗಂಟೆಗೆ ಬಟ್ಟೆ ಸುತ್ತಿದೆ. ಬಟ್ಟೆ ಸುತ್ತಿದ ಗಂಟೆ ಕೈಜಾರಿ ತಂಬಿಗೆಯ ಮೇಲೆ ಬಿತ್ತು, ತಂಬಿಗೆ ಮೆಟ್ಟಿಲ ಮೇಲೆ ಉರುಳಿತು, ಕಮಲಮ್ಮನ ಬಾಗಿಲವರೆಗೂ ಒಂದೊಂದೇ ಮೆಟ್ಟಿಲಿಗೆ ಠಣ್ ಎನ್ನುತ್ತಾ ಹೋಯಿತು. ನಾನು ಮಧ್ಯಾಹ್ನ ಮಲಗಿದರೆ ಗೊರಕೆ. ಎದ್ದಿದ್ದರೆ ಕೆಮ್ಮು. ಉಸಿರು ಬಿಗಿಹಿಡಿದು ಕೂತರೆ ಬಿಕ್ಕಳಿಕೆ! ಕೊನೆಗೆ ಗಿರಿಜೆ ನನ್ನನ್ನು ಹೊರಗೆ ಕಳಿಸಿದಳು. ಗುಡ್ಡದ ಮೆಟ್ಟಿಲಲ್ಲಿ ಕೂತು ಬಿಸಿಲಿಗೆ ಬೇಸತ್ತು ಬಂದೆ. ಬರುವಾಗ ಹಿತ್ತಲಿನ ನಲ್ಲಿ ತೊಟಕ್ ತೊಟಕ್ ಎನ್ನುವುದು ಕೇಳಿಸಿತು. ಪಾಪ, ಹುಡುಗ ಮಲಗಿರುವಾಗ ಇದೆಂಥ ಸದ್ದು! ತಿರುಪು ಬಿಗಿ ಮಾಡಲು ಹೋದೆ. ನಲ್ಲಿ ಕೈಗೆ ಬಂತು.

ನೀರು ನನ್ನ ಎದೆಗೆ ಬಡಿದು ಗೋಡೆ ಹಾರಿ ಪಕ್ಕದವರ ಒಣಹಾಕಿದ ಸೀರೆಗಳ ಮೇಲೆ ಬೀಳತೊಡಗಿತು. ಬೇಡವೆಂದರೂ ಬಾಯಿಂದ ಬಂದೇಬಿಟ್ಟಿತು. "ಮಹೇಶಾ!"

ಅವನು ಬನಿಯನ್ನಿನಲ್ಲೇ ಓಡಿ ಬಂದ. ಕಣ್ಣು ಕೆಂಡದಂತಿತ್ತು. ಬೀದಿಯ ಕಡೆ ಹೋಗಿ ನೀರು ನಿಲ್ಲಿಸಿ ಬಂದ. ಪಕ್ಕದವರಿಗೆ ಕೈ ಮುಗಿದ, ಕಮಲಮ್ಮನಿಗೆ ಕೈ ಮುಗಿದ. ನನಗೆ ಒಂದು ಟವೆಲ್ ತಂದುಕೊಟ್ಟ.

"ಅಪ್ಪಾ, ನಮ್ಮ ಮನೆ ರಿಪೇರಿ ಮುಗಿಯೋವರೆಗೂ ನೀವಿಬ್ರೂ ಇಲ್ಲೇ ಆರಾಮಾಗಿರಿ. ನಾನು ಫ್ರೆಂಡ್ ರೂಮಲ್ಲಿ ಮಲಗ್ತೀನಿ."

ಹಾಸಿಗೆ ಸುತ್ತಿದ. ಮಗ ಅಪ್ಪನ ಮನೆ ಬಿಟ್ಟು ಹೋಗುವುದನ್ನು ಲೋಕದಲ್ಲಿ ಎಲ್ಲರೂ ನೋಡಿದ್ದಾರೆ. ಅಪ್ಪನ ದೆಸೆಯಿಂದ ತನ್ನ ರೂಮನ್ನೇ ಬಿಟ್ಟು ಹೋದ ಮಗನನ್ನು ನೋಡಿದ್ದು ಬಹುಶಃ ನಾನೊಬ್ಬನೇ!

ಬಸ್ ಸ್ಟಾಪಿನವರೆಗೂ ಅವನ ಹಿಂದೆ ಹೋದೆ. ಒದ್ದೆ ಪಂಚೆ ಕಾಲಿಗೆ ಅಂಟುತ್ತಿತ್ತು.

"ಆ ಮೇಲಿನ ರೂಮು ಚೀಲಕ್ಕಲ್ಲ ಕಣೋ," ಎಂದೆ ಕೊನೆಗೆ. "ನಿನಗೆ."

"ನನಗಾ?"

"ನಿದ್ದೆ ಮಾಡ್ಲಿ ಅಂತ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬೇಡ ಅಂತಿದ್ದೆ."

"ಹೌದು. ಬೇಡ ಅಂತಿದ್ದೆ," ಎಂದ. ಬಸ್ಸು ಬಂತು. ಹಾಸಿಗೆ ಒಳಗೆ ತಳ್ಳಿ ಹತ್ತಿದ. ಮೆಟ್ಟಿಲ ಮೇಲೆ ನಿಂತು ತಿರುಗಿ ನೋಡಿದ. "ಆದ್ರೆ ಕೇಳಿದ್ರೆ ಖುಷಿಯಾಗ್ತಿತ್ತು ಅಪ್ಪಾ."

ಬಸ್ಸು ಹೊರಟಿತು. ನಾನು ಏನೋ ಉತ್ತರ ಹೇಳಿದೆ. ಏನೆಂಬುದು ನನಗೂ ನೆನಪಿಲ್ಲ, ಅವನಿಗಂತೂ ಕೇಳಿಸಿರಲಾರದು.

ಬೇರೆ ಮೇಸ್ತ್ರಿ ಬಂದು ಅಡುಗೆಮನೆಗೆ ಗಟ್ಟಿಯಾದ ಚಾವಣಿ ಹಾಕಿದ. ಹಾಗೆಯೇ ಮೇಲಿನ ರೂಮನ್ನೂ ಮುಗಿಸಿದ. ನಾವು ಚಾಮರಾಜಪೇಟೆಗೆ ಮರಳಿದೆವು, ಮಹೇಶ ತನ್ನ ಹನುಮಂತನಗರಕ್ಕೆ ಮರಳಿದ. ಒಂದು ಸಂಜೆ ಅವನನ್ನು ಕರೆದು ರೂಮು ತೋರಿಸಿದೆ. ಕಿಟಕಿ ತೆರೆದು ನೋಡಿದ, ಗೋಡೆ ತಟ್ಟಿ ನೋಡಿದ. "ಚೆನ್ನಾಗಿದೆ ಅಪ್ಪಾ," ಎಂದ. ಮನಸ್ಸಿನಿಂದಲೇ ಹೇಳಿದ. ಕಾಫಿ ಕುಡಿದು, "ಬರ್ತೀನಿ," ಎಂದು ಹೊರಟ. ಅವನಿಗೆ ಹನುಮಂತನಗರದಲ್ಲಿ ನಿದ್ದೆ ಬರುತ್ತಿತ್ತು. ಅದಕ್ಕಿಂತ ಹೆಚ್ಚಿನ ಕಾರಣ ಅವನು ಮೊದಲೂ ಹೇಳಿರಲಿಲ್ಲ, ಆಗಲೂ ಹೇಳಲಿಲ್ಲ.

ಖಾಲಿ ರೂಮನ್ನು ನೋಡಲಾರದೆ ಯಾರನ್ನಾದರೂ ಬಾಡಿಗೆಗೆ ಇಡೋಣ ಎಂದು ಗಿರಿಜೆಯೇ ಅವನಿಗೆ ಹೇಳಿದಳಂತೆ. ಮುಂದಿನ ತಿಂಗಳು ಮಹೇಶ ತನ್ನ ಜೊತೆ ಕೆಲಸ ಮಾಡುವ ರಘು ಎಂಬವನನ್ನು ಬಾಡಿಗೆಗೆ ಕರೆತಂದ. ಮಲ್ಲೇಶ್ವರದ ಹುಡುಗ. ಅವನ ಮನೆಯಲ್ಲೂ ಹಗಲು ನಿದ್ದೆ ಆಗುವುದಿಲ್ಲವಂತೆ. ಅವನಿಗೂ ಒಬ್ಬ ಅಪ್ಪ ಇದ್ದಾರಂತೆ.

ರಘು ಬಂದ ಮೇಲೆ ನನ್ನಲ್ಲಿ ದೊಡ್ಡ ಬದಲಾವಣೆಯಾಯಿತು. ಒಂದು ಸಲ ಪೆಟ್ಟು ತಿಂದವನಲ್ಲವೇ! ಪೂಜೆಯಲ್ಲಿ ಗಂಟೆ ನಿಲ್ಲಿಸಿದೆ. ಶಿವನಿಗೆ ಹೇಗೋ ಗೊತ್ತಾಗುತ್ತಿತ್ತು. ರೇಡಿಯೋಗೆ ಕಿವಿಯಾನಿಸಿ ವಾರ್ತೆ ಕೇಳಿದೆ. ಚೀಲಗಳನ್ನೆಲ್ಲ ಅಂಗಡಿಗೇ ಸಾಗಿಸಿದೆ. ಜಾಗ ಇಲ್ಲ ಎಂದುಕೊಂಡಿದ್ದ ಅಂಗಡಿಯಲ್ಲಿ ಎಲ್ಲವೂ ಹಿಡಿಸಿದವು. ಸೊಪ್ಪಿನವಳು ಕೂಗುವ ಮುಂಚೆಯೇ ಓಡಿಹೋಗಿ ಬೀದಿಯ ತಿರುವಿನಲ್ಲೇ ಸೊಪ್ಪು ತರುತ್ತಿದ್ದೆ. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಶಾಂತಮ್ಮ ಬಂದು, "ಯಾರಿಗಾದ್ರೂ ಹುಷಾರಿಲ್ವಾ?" ಎಂದು ವಿಚಾರಿಸಿದರು.

ಒಂದು ಭಾನುವಾರ ಮಹೇಶ ಊಟಕ್ಕೆ ಬಂದ. ನಿದ್ದೆ ಕಂಡ ಮುಖ ತುಂಬಿಕೊಂಡಿತ್ತು. ಕಾರ್ಖಾನೆಯ ಏನೋ ತಮಾಷೆಯನ್ನು ಅಮ್ಮನಿಗೆ ಹೇಳುತ್ತಾ, ತಟ್ಟೆಯ ಮುಂದೆ ಗಟ್ಟಿಯಾಗಿ ನಕ್ಕ. ಅಷ್ಟು ಗಟ್ಟಿಯಾಗಿ ಅವನು ನಕ್ಕದ್ದನ್ನು ನಾನು ಕೇಳಿ ವರ್ಷಗಳಾಗಿದ್ದವು. ನನ್ನ ಬೆರಳು ತಾನಾಗಿಯೇ ತುಟಿಗೆ ಹೋಯಿತು.

"ಶ್! ಮೆಲ್ಲಗೋ! ಮೇಲೆ ಹುಡುಗ ಮಲಗಿದಾನೆ!"

ನಗು ನಿಂತಿತು. ಗಿರಿಜೆಯ ಸೌಟು ಪಾತ್ರೆಯ ಮೇಲೆಯೇ ನಿಂತಿತು. ಮಹೇಶ ಮೊದಲು ಚಾವಣಿಯನ್ನು ನೋಡಿದ, ಆಮೇಲೆ ಚೀಲಗಳಿಲ್ಲದ ಖಾಲಿ ಗೋಡೆಯನ್ನು ನೋಡಿದ, ಕೊನೆಗೆ ನನ್ನನ್ನು ನೋಡಿದ.

"ಸರಿ ಅಪ್ಪಾ," ಎಂದು ಪಿಸುಗುಟ್ಟಿದ.

ಉಳಿದ ಊಟ ಮೌನವಾಗಿ ಮುಗಿಯಿತು. ಹೊರಡುವಾಗ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ ಗೇಟಿನ ಆಚೆ ಮೆಟ್ಟಿಕೊಂಡ. ಅವನು ಬೀದಿಯ ತಿರುವು ದಾಟುವವರೆಗೂ ನಿಂತಿದ್ದು, ನಾನು ಬಾಗಿಲು ಮುಚ್ಚಿದೆ. ಒಂದಿಷ್ಟೂ ಸದ್ದಾಗಲಿಲ್ಲ. ಈ ವಿಷಯದಲ್ಲಿ ಈಗ ನಾನು ಬಹಳ ಪಳಗಿದ್ದೇನೆ.